ಮೂರು ದಿನ ನೆನಪಿಡುವ ಪೆಟ್ಟಿಗೆ

ಸೆಪ್ಟೆಂಬರ್ ಇಪ್ಪತ್ತೇಳು, ಶುಕ್ರವಾರ. ಲಾಯದಲ್ಲಿ ಇರಬೇಕಾದ ಕುದುರೆಗಳು ಐದು; ಇದ್ದವು ನಾಲ್ಕು. ಕಲಿಪಾ ಎರಡು ಸಲ ಎಣಿಸಿದಳು. ನಾಲ್ಕನ್ನು ಎಷ್ಟು ಸಲ ಎಣಿಸಿದರೂ ನಾಲ್ಕೇ.

ಕಾಣದೆ ಹೋದದ್ದು ಬೂದು ಕುದುರೆ. ಅದು ಮರಿಯಾಗಿದ್ದಾಗಿನಿಂದ ಹನ್ನೊಂದು ವರ್ಷ ಸಾಕಿದವನು ಅವಳ ಗಂಡ ತೊಕ್ತೊಸುನ್. ಅವನು ಮಾರ್ಚ್‌ನಲ್ಲಿ ತೀರಿಕೊಂಡ. ಬೆಳಿಗ್ಗೆ ಅವನು ಬಾಗಿಲು ತೆರೆದು ಶಿಳ್ಳೆ ಹಾಕುತ್ತಿದ್ದ ಹೊತ್ತಿಗೆ ಸರಿಯಾಗಿ ಆ ಕುದುರೆ ಅಡ್ಡಗಟ್ಟೆಯ ಮೇಲೆ ಕತ್ತು ಚಾಚಿ, ಎರಡೂ ಕಿವಿಗಳನ್ನು ಮನೆಯ ಬಾಗಿಲ ಕಡೆ ತಿರುಗಿಸಿ ನಿಲ್ಲುತ್ತಿತ್ತು. ಅವನು ಹೋದ ಮೇಲೂ ನಿಲ್ಲುವುದನ್ನು ಬಿಡಲಿಲ್ಲ. ಕಲಿಪಾಳಿಗೆ ಶಿಳ್ಳೆ ಬರುವುದಿಲ್ಲ. ಆದರೂ ಹೋಗಿ ಅದರ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಒಬ್ಬನೇ ಮನುಷ್ಯನಿಗಾಗಿ ಇಬ್ಬರು ಕಾಯುತ್ತಿದ್ದರು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕುದುರೆ ಗಬ್ಬವಾಗಿತ್ತು, ಬರುವ ಏಪ್ರಿಲ್‌ನಲ್ಲಿ ಈಯಬೇಕಿತ್ತು.

ನಾರಿನ್ ಪೇಟೆಯಲ್ಲಿದ್ದ ತಂಗಿಯ ಗಂಡ ಸತ್ತ ಸುದ್ದಿ ಬಂದು, ಸೆಪ್ಟೆಂಬರ್ ಹದಿನಾಲ್ಕರಂದು ಅವಳು ಅಲ್ಲಿಗೆ ಹೋಗಿದ್ದಳು. ಹದಿಮೂರು ದಿನ ತಂಗಿಯ ಜೊತೆಗಿದ್ದು ಬಂದಳು. ಅಷ್ಟು ದಿನ ಕುದುರೆಗಳಿಗೆ ಹುಲ್ಲು ನೀರು ನೋಡಿಕೊಂಡವನು ಮೈದುನ ಎಸೆಂಗುಲ್. ಅವನು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಆದರೆ ಗೋಧಿ ಕೊಯ್ಲಾದ ಮೇಲೆ ಊರಿನ ಕುದುರೆಗಳೆಲ್ಲ ಕೂಳೆ ಹೊಲದಲ್ಲಿ ಬಿಡುಗಡೆಯಾಗಿ ಮೇಯುತ್ತವೆ. ಕೆಲವು ಸಂಜೆ ಮನೆಗೆ ಬರುತ್ತವೆ, ಕೆಲವು ಮತ್ತೊಬ್ಬರ ಹಿಂಡಿನಲ್ಲಿ ಎರಡು ದಿನ ಉಳಿಯುತ್ತವೆ. ಆ ತಿಂಗಳಲ್ಲಿ ಕಣ್ಣಿಗೆ ಬೀಳದ ಕುದುರೆಯನ್ನು ವಾರ ಕಳೆಯುವ ಮೊದಲು ಕಳೆದುಹೋಯಿತೆಂದು ಯಾರೂ ಅಲ್ಲಿ ಹೇಳುವುದಿಲ್ಲ. ಬೂದು ಕುದುರೆಯನ್ನು ಕೊನೆಯ ಸಲ ಕಂಡದ್ದು ಯಾವ ದಿನವೆಂದು ಕೇಳಿದರೆ ಎಸೆಂಗುಲ್ ಟೋಪಿ ತೆಗೆದು ತಲೆ ಕೆರೆದುಕೊಂಡನು.

"ಅಲ್ಲೇ ಎಲ್ಲೋ ಯಾರದೋ ಹಿಂಡಲ್ಲಿ ಇರುತ್ತೆ ಬಿಡಿ ಅತ್ತಿಗೆ," ಎಂದು ಹೇಳಿ ಕುದುರೆ ಹತ್ತಿ ಹೋದವನು ಮೂರು ದಿನ ಕಣಿವೆಯನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದನು.

ನವೆಂಬರ್‌ನಲ್ಲಿ ಮೊದಲ ಹಿಮ ಬಿದ್ದೊಡನೆ ಮನೆಮನೆಯಲ್ಲಿ ಚಳಿಗಾಲದ ಮಾಂಸಕ್ಕೆ ಕುದುರೆ ಕಡಿಯುತ್ತಾರೆ. ಕದ್ದ ಕುದುರೆಗೂ ಕೊಂಡ ಕುದುರೆಗೂ ಆಮೇಲೆ ವ್ಯತ್ಯಾಸವಿಲ್ಲ. ಉಳಿದದ್ದು ಆರು ವಾರ.

ಲಾಯದ ಎದುರಿನ ದೀಪದ ಕಂಬದಲ್ಲಿ ಕ್ಯಾಮೆರಾ ಇತ್ತು. ಹಿಂದಿನ ವರ್ಷ ತೊಕ್ತೊಸುನ್ ಸಂತೆಯಿಂದ ತಂದು ತಾನೇ ಏರಿ ಕಟ್ಟಿದ್ದ. ಇದ್ದುದರಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಕಲಿಪಾ ಬಂದ ದಿನವೇ ಫೋನಿನಲ್ಲಿ ಅದನ್ನು ತೆರೆದಿದ್ದಳು. ಇಪ್ಪತ್ತನಾಲ್ಕರಂದು ಗೂಟ, ಹಗ್ಗ, ಖಾಲಿ ಜಾಗ. ಇಪ್ಪತ್ತೈದರಂದು ಗೂಟ, ಹಗ್ಗ, ಖಾಲಿ ಜಾಗ. ಇಪ್ಪತ್ತಾರರಂದು ಗಾಳಿ ಬೀಸಿ ಹಗ್ಗ ಸ್ವಲ್ಪ ಅಲುಗಿತ್ತು. ಇಪ್ಪತ್ತನಾಲ್ಕಕ್ಕೆ ಹಿಂದಿನದು ಯಾವುದೂ ಫೋನಿನಲ್ಲಿ ತೆರೆಯಲಿಲ್ಲ. ಮಧ್ಯಾಹ್ನವಿಡೀ ಅವಳು ಆ ಖಾಲಿ ಜಾಗವನ್ನೇ ನೋಡುತ್ತ ಕುಳಿತಿದ್ದಳು, ಅಲ್ಲಿ ಇದ್ದಕ್ಕಿದ್ದಂತೆ ಕುದುರೆ ಬಂದು ನಿಲ್ಲಬಹುದೇನೋ ಎಂಬಂತೆ.

"ನಾಯಿ ಸಾಕಿ ಅಂತ ಅಣ್ಣನಿಗೆ ಅವತ್ತೇ ಅಂದೆ," ಎಂದನು ಎಸೆಂಗುಲ್. "ಈ ಕ್ಯಾಮೆರಾ ಬೊಗಳಲ್ಲ, ಕಚ್ಚಲ್ಲ, ಕೊನೆಗೆ ಕಂಡಿದ್ದನ್ನ ನೆನಪಲ್ಲೂ ಇಟ್ಕೊಳ್ಳಲ್ಲ. ಇದಕ್ಕೆ ದುಡ್ಡು ಬೇರೆ."

ಸೆಪ್ಟೆಂಬರ್ ಮೂವತ್ತರಂದು ಅನಾರ್ಕುಲ್ ಬಂದಳು. ಕರೆಂಟಿನ ಮೀಟರ್ ಓದುವವಳು. ತಿಂಗಳ ಕೊನೆಯ ದಿನ ಮನೆಮನೆಗೆ ಹೋಗಿ ಅಂಕಿ ಬರೆದುಕೊಳ್ಳುವುದು ಅವಳ ಕೆಲಸ. ಅಂಕಿ ಬರೆದು, ಚಹಾಕ್ಕೆ ಕುಳಿತು, ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಅಯ್ಯೋ ಪಾಪ ಎನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: ಈ ಕ್ಯಾಮೆರಾ ಎಷ್ಟು ದಿನದ್ದನ್ನು ಇಟ್ಟುಕೊಳ್ಳುತ್ತದೆ?

ಉತ್ತರ ಕಲಿಪಾಳಿಗೂ ಎಸೆಂಗುಲನಿಗೂ ಗೊತ್ತಿರಲಿಲ್ಲ. ಅನಾರ್ಕುಲ್ ಎಸೆಂಗುಲನನ್ನು ಕಂಬ ಹತ್ತಿಸಿ, ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡ್ ತೆಗೆಸಿ ನೋಡಿದಳು.

"ಅರವತ್ನಾಲ್ಕು ಜಿಬಿ. ಇದು ದಿನಕ್ಕೆ ಸುಮಾರು ಇಪ್ಪತ್ತು ತಿನ್ನುತ್ತೆ. ಎಷ್ಟು ದಿನ ಆಯ್ತು?"

"ಮೂರು," ಎಂದಳು ಕಲಿಪಾ.

"ನಾಲ್ಕನೇ ದಿನದ್ದನ್ನ ಮೊದಲನೇ ದಿನದ ಮೇಲೇ ಬರೆಯುತ್ತೆ ಅಕ್ಕಾ. ಜಾಗ ಮುಗೀತು ಅಂತ ಹೇಳಲ್ಲ, ಅಳಿಸ್ಲಾ ಅಂತ ಕೇಳಲ್ಲ."

ಚಹಾ ಬಗ್ಗಿಸುತ್ತಿದ್ದ ಕಲಿಪಾಳ ಕೈ ಅಲ್ಲೇ ನಿಂತಿತು. ಅವಳು ಕೇಳಿದಳು: "ಹಾಗಾದ್ರೆ ಮಾರ್ಚ್‌ದು?"

ಅನಾರ್ಕುಲಳಿಗೆ ಅರ್ಥವಾಗಲಿಲ್ಲ. ಕಲಿಪಾ ಕೆಟಲನ್ನು ಕೆಳಗಿಟ್ಟು ಹೇಳಿದಳು. ತೊಕ್ತೊಸುನ್ ಸಾಯುವ ಹಿಂದಿನ ದಿನದವರೆಗೂ ಬೆಳಿಗ್ಗೆ ಎದ್ದು ಕುದುರೆಯ ಹತ್ತಿರ ಹೋಗಿದ್ದ. ಕ್ಯಾಮೆರಾ ಅದನ್ನೆಲ್ಲ ಕಂಡಿರಬೇಕು. ಅವಳು ತೆರೆದು ನೋಡಿರಲಿಲ್ಲ. ನೋಡುವಷ್ಟು ಗಟ್ಟಿಯಾದ ಮೇಲೆ ನೋಡೋಣವೆಂದು ಆರು ತಿಂಗಳು ತಡೆದಿದ್ದಳು.

"ಇವರು ಅದರೊಳಗೆ ಇದ್ದಾರೆ ಅಂದ್ಕೊಂಡಿದ್ದೆ," ಎಂದಳು.

ಅನಾರ್ಕುಲ್ ಸುಳ್ಳು ಹೇಳುವ ಹೆಂಗಸಲ್ಲ. "ಮಣ್ಣು ಮಾಡಿ ಮೂರು ದಿನ ಕಳೆಯೋ ಹೊತ್ತಿಗೆ ಹೋಗಿರುತ್ತೆ ಅಕ್ಕಾ. ಆಗ ಮನೆ ತುಂಬ ಜನ. ಯಾರು ನೋಡ್ತಾರೆ," ಎಂದಳು.

ಎಸೆಂಗುಲ್ ಈ ಸಲ ನಾಯಿಯ ಮಾತು ಎತ್ತಲಿಲ್ಲ.

ಅನಾರ್ಕುಲ್ ಪುಸ್ತಕ ಮುಚ್ಚಿ ಎದ್ದಳು. ಅವಳ ಮನೆ ಇರುವುದು ರಸ್ತೆಯ ತಿರುವಿನಲ್ಲಿ. ಊರಿನಿಂದ ಹೊರಬೀಳುವ ಯಾವ ಗಾಡಿಯೂ ಆ ತಿರುವು ದಾಟದೆ ಹೋಗಲಾರದು. ಮೂರು ವರ್ಷದ ಹಿಂದೆ ಎರಡು ಬಣವೆ ಹುಲ್ಲು ಕಳೆದುಕೊಂಡ ಮೇಲೆ ಅವಳು ಅಲ್ಲಿ ಎರಡು ಕ್ಯಾಮೆರಾ ಹಾಕಿಸಿದ್ದಳು.

"ನನ್ನ ಡಿಸ್ಕ್ ಸಾವಿರ ಜಿಬಿ. ಎರಡು ಕ್ಯಾಮೆರಾ ಸೇರಿ ದಿನಕ್ಕೆ ಅರವತ್ತು. ಹದಿನಾರು ದಿನ ಬರುತ್ತೆ. ಇವತ್ತು ಮೂವತ್ತು, ಅಂದ್ರೆ ಹದಿನೈದನೇ ತಾರೀಖಿನಿಂದ ಇದೆ. ಅಕ್ಕ ಹೊರಟಿದ್ದು ಹದಿನಾಲ್ಕು. ಆ ದಿನ ಆಗ್ಲೇ ಹೋಯ್ತು. ಇವತ್ತು ಕಳೆದ್ರೆ ಹದಿನೈದೂ ಹೋಗುತ್ತೆ. ಏಳಿ, ಚಹಾ ಆಮೇಲೆ."

ಬಟ್ಟಲುಗಳನ್ನು ಹಾಗೆಯೇ ಬಿಟ್ಟು ಮೂವರೂ ಹೊರಟರು.

ಅನಾರ್ಕುಲಳ ರೆಕಾರ್ಡರ್ ಇದ್ದದ್ದು ಒಳಕೋಣೆಯಲ್ಲಿ, ಕೌದಿಗಳ ಒಟ್ಟಿಲಿನ ಹಿಂದೆ, ಬೀಗ ಹಾಕಿದ ಪೆಟ್ಟಿಗೆಯೊಳಗೆ. ಗಾಳಿಯಾಡಲು ಪೆಟ್ಟಿಗೆಗೆ ತೂತು ಕೊರೆಸಿದ್ದಳು. ಇಷ್ಟೊಂದು ಬಚ್ಚಿಡಲು ಇದೇನು ಮದುವೆಯ ಚಿನ್ನವೇ ಎಂದು ಎಸೆಂಗುಲ್ ಕೇಳಿದನು.

"ಕಳ್ಳ ಕ್ಯಾಮೆರಾ ಕಿತ್ಕೊಂಡು ಹೋದ್ರೆ ಹೋಗ್ಲಿ ಅಣ್ಣ. ಕಂಡಿದ್ದು ಇಲ್ಲಿರುತ್ತೆ. ನಿಮ್ಮದರಲ್ಲಿ ಕಣ್ಣೂ ನೆನಪೂ ಒಂದೇ ಬುರುಡೇಲಿ. ಬುರುಡೆ ಹೋದ್ರೆ ಎರಡೂ ಹೋಯ್ತು."

ಪಕ್ಕದಲ್ಲಿ ಒಂದು ಬ್ಯಾಟರಿ ಇತ್ತು. ಚಳಿಗಾಲದಲ್ಲಿ ಕರೆಂಟು ಹೋಗುವುದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದಳು ಅವಳು. ಕಳ್ಳರಿಗೂ ಆ ಹೊತ್ತು ಚೆನ್ನಾಗಿ ಗೊತ್ತು.

ಒಂದು ಕ್ಯಾಮೆರಾ ಎತ್ತರದಿಂದ ಇಡೀ ತಿರುವನ್ನು ನೋಡುತ್ತಿತ್ತು. ಇನ್ನೊಂದು ಎದೆಯ ಮಟ್ಟದಲ್ಲಿದ್ದು, ಗಾಡಿ ನಿಧಾನಿಸಲೇಬೇಕಾದ ನಾಲ್ಕು ಗಜ ಜಾಗವನ್ನು ಮಾತ್ರ ನೋಡುತ್ತಿತ್ತು. ಎಲ್ಲವನ್ನೂ ನೋಡುವ ಕಣ್ಣು ಯಾರನ್ನೂ ಗುರುತು ಹಿಡಿಯುವುದಿಲ್ಲ ಎಂಬುದನ್ನು ಅವಳು ತನ್ನ ಮೊದಲ ಕ್ಯಾಮೆರಾದಿಂದ ಕಲಿತಿದ್ದಳು. ಹುಲ್ಲು ಕದ್ದವರು ಅದರಲ್ಲಿ ಬೆರಳಿನಷ್ಟು ಎತ್ತರಕ್ಕೆ ಕಂಡಿದ್ದರು, ಅಷ್ಟೇ.

ಹದಿನೈದನೆಯ ತಾರೀಖಿನಲ್ಲಿ ಏನೂ ಇರಲಿಲ್ಲ. ಹದಿನಾರರಂದು ಬೆಳಗಿನ ಜಾವ ಐದು ಗಂಟೆ ಮೂವತ್ತೆಂಟು ನಿಮಿಷಕ್ಕೆ ಒಂದು ಪುಟ್ಟ ಲಾರಿ ಬಂದು ತಿರುವಿನಲ್ಲಿ ನಿಧಾನಿಸಿತು. ಹಿಂಬದಿಯ ಹಲಗೆಗಳ ಮೇಲೆ ಒಂದು ಕುದುರೆಯ ಕತ್ತು ಕಂಡಿತು. ಲಾರಿ ಮುಂದಕ್ಕೆ ಹೋಗುತ್ತಿತ್ತು; ಎರಡು ಕಿವಿಗಳು ಹಿಂದಕ್ಕೆ, ಊರಿನ ಕಡೆ ತಿರುಗಿದ್ದವು.

ಕಲಿಪಾ ಆ ಕಿವಿಗಳನ್ನು ಗುರುತಿಸಿದಳು. ಅಳಲಿಲ್ಲ. ಇನ್ನೊಂದು ಸಲ ತೋರಿಸು ಎಂದಳು. ನಾಲ್ಕು ಸಲ ತೋರಿಸಿದ ಮೇಲೆ ಅನಾರ್ಕುಲ್ ಮೆಲ್ಲಗೆ ಕೆಳಗಿನ ಕ್ಯಾಮೆರಾದ ಚಿತ್ರಕ್ಕೆ ಹೋದಳು. ನಂಬರ್ ಪ್ಲೇಟಿನ ಒಂದೊಂದು ಅಂಕಿಯೂ ಓದುವಂತಿತ್ತು.

ರೆಕಾರ್ಡರಿನ ಗಡಿಯಾರವನ್ನು ಅವಳು ಪ್ರತಿ ತಿಂಗಳೂ ಸರಿಮಾಡುತ್ತಿದ್ದಳು. ಠಾಣೆಯಲ್ಲಿ ಮೊದಲು ಕೇಳುವುದು ಹೊತ್ತನ್ನು. ಆ ತುಣುಕನ್ನು ಎರಡು ಪೆನ್ ಡ್ರೈವ್‌ಗೆ ಇಳಿಸಿ, ಒಂದನ್ನು ಪೊಲೀಸರಿಗೆಂದು ಎಸೆಂಗುಲನ ಜೇಬಿಗೂ ಒಂದನ್ನು ಕಲಿಪಾಳ ಕೈಗೂ ಕೊಟ್ಟಳು.

ಹತ್ತೊಂಬತ್ತು ದಿನ ಸುದ್ದಿಯಿಲ್ಲ. ಕಲಿಪಾ ಬೆಳಿಗ್ಗೆ ಅಡ್ಡಗಟ್ಟೆಯ ಬಳಿ ಹೋಗಿ ಒಬ್ಬಳೇ ನಿಂತು ಬರುತ್ತಿದ್ದಳು. ನೀರು ಬಾನಿಯಲ್ಲಿ ತೆಳುವಾಗಿ ಹೆಪ್ಪುಗಟ್ಟತೊಡಗಿತ್ತು.

ಅಕ್ಟೋಬರ್ ಹತ್ತೊಂಬತ್ತರಂದು ಅವಳು ಹಿಟ್ಟು ನಾದುತ್ತಿದ್ದಾಗ ಅನಾರ್ಕುಲ್ ಅಂಗಳಕ್ಕೆ ಬಂದಳು. ಮೀಟರ್ ಓದುವ ದಿನವಲ್ಲ. ಬಾಗಿಲಲ್ಲೇ ನಿಂತು, ದನಿ ಏರಿಸದೆ, "ಸುಯುಂಚು," ಎಂದಳು. ಒಳ್ಳೆಯ ಸುದ್ದಿ ತಂದವರು ಮೊದಲು ಹೇಳುವ ಮಾತು ಅದು. ಹೇಳಿದವರಿಗೆ ಉಡುಗೊರೆ ಬೇಡುವ ಹಕ್ಕು, ಸುದ್ದಿ ಕೇಳಿದವರಿಗೆ ಕೊಡುವ ಋಣ. ಕಣಿವೆಯಾಚೆ ಕುದುರೆಗಳನ್ನು ಕೊಬ್ಬಿಸುವ ಒಂದು ದೊಡ್ಡಿಯಲ್ಲಿ, ಬೇರೆ ಹನ್ನೆರಡರ ಜೊತೆ, ಲಾರಿಯ ನಂಬರಿನ ಜಾಡು ಹಿಡಿದ ಪೊಲೀಸರಿಗೆ ಬೂದು ಕುದುರೆ ಸಿಕ್ಕಿತ್ತು. ತೊಡೆಯ ಮುದ್ರೆ, ಎಡಗಿವಿಯ ಸೀಳು, ಎರಡೂ ತಾಳೆಯಾಗಿದ್ದವು.

ಕಲಿಪಾ ಹಿಟ್ಟಿನ ಕೈಯಲ್ಲೇ ನೆಲದ ಮೇಲೆ ಕುಳಿತಳು. "ಹೊಟ್ಟೇಲಿರೋ ಮರಿ ನಿಂದು," ಎಂದಳು.

"ಹುಟ್ಟದೆ ಇರೋದನ್ನ ನಾನು ಬರ್ಕೊಳ್ಳಲ್ಲ ಅಕ್ಕಾ."

"ಹಾಗಾದ್ರೆ ಬಾಕಿ ಅಂತ ಬರ್ಕೋ."

ಅನಾರ್ಕುಲ್ ಮೀಟರ್ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಹಾಗೆಯೇ ಬರೆದುಕೊಂಡಳು.

ಎಸೆಂಗುಲ್ ಎರಡು ಕುರಿ ಮಾರಿ ಸಂತೆಗೆ ಹೋದನು. ಮೊದಲ ಅಂಗಡಿಯವನು ಎಂಟು ಕ್ಯಾಮೆರಾಗಳ ಹೊಳೆಯುವ ಪೆಟ್ಟಿಗೆಯನ್ನು ಮುಂದಿಟ್ಟನು. ಎಷ್ಟು ದಿನ ಉಳಿಯುತ್ತದೆ ಎಂದರೆ ಬಹಳ ದಿನ ಎಂದನು. ಬಹಳ ಎಂಬುದು ಅಂಕಿಯಲ್ಲ. ಎರಡನೆಯವನಿಗೆ ಎಸೆಂಗುಲ್, ನಮ್ಮ ಜನವರಿಯ ಮೈನಸ್ ಮೂವತ್ತು ಚಳಿಯನ್ನು ಇದು ತಡೆಯುತ್ತದೆಯೇ, ಮಬ್ಬುಗತ್ತಲಲ್ಲಿ ಹತ್ತು ಹೆಜ್ಜೆ ದೂರದ ಮುಖ ಕಾಣುತ್ತದೆಯೇ, ಬಾಯಲ್ಲಿ ಹೇಳಬೇಡ, ತೋರಿಸು ಎಂದನು. ಅವನು ಬೇರೆ ಗಿರಾಕಿಯ ಕಡೆ ತಿರುಗಿದನು. ಮೂರನೆಯವನು ಚೀಟಿ, ಪೆನ್ಸಿಲ್ ತೆಗೆದನು. ಎಸೆಂಗುಲ್ ಅಲ್ಲೇ ಕೊಂಡನು.

ಚೀಟಿಯ ಲೆಕ್ಕ ಸುಲಭ. ಅತ್ತಿಗೆ ಊರಲ್ಲಿರದ ದಿನ ಹದಿಮೂರು. ಹುಡುಕಿದ್ದು ಮೂರು. ಒಟ್ಟು ಹದಿನಾರು, ಅದರ ಎರಡರಷ್ಟು ಹತ್ತಿರಹತ್ತಿರ ಮೂವತ್ತು. ಎರಡು ಕ್ಯಾಮೆರಾಗಳಿಗೆ ದಿನಕ್ಕೆ ಅರವತ್ತರಂತೆ ಸಾವಿರದ ಎಂಟುನೂರು. ಆದ್ದರಿಂದ ಎರಡು ಸಾವಿರ ಜಿಬಿಯ ಡಿಸ್ಕ್, ಅದೂ ಹಗಲಿರುಳು ಬರೆಯಲೆಂದೇ ಮಾಡಿದ್ದು. ನಾವು ಗಮನಿಸಲು ತೆಗೆದುಕೊಳ್ಳುವ ದಿನಗಳಿಗಿಂತ ಹೆಚ್ಚು ದಿನ ಪೆಟ್ಟಿಗೆ ನೆನಪಿಡಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಕ್ಯಾಮೆರಾ ಪಕ್ಕದ ಮನೆಯ ಕಿಟಕಿಯನ್ನು ನೋಡದಂತೆ ಅನಾರ್ಕುಲ್ ತಿರುಗಿಸಿದಳು. ಪಾಸ್‌ವರ್ಡ್ ಒಂದು ಎರಡು ಮೂರು ನಾಲ್ಕು ಇರಲಿ ಎಂದ ಎಸೆಂಗುಲನಿಗೆ, ಲಾಯದ ಬೀಗದ ಕೈಯನ್ನೂ ಗೂಟಕ್ಕೆ ನೇತುಹಾಕಿ ಬರುತ್ತೀರಾ ಎಂದು ಕೇಳಿದಳು. ಅವನು ಬದಲಾಯಿಸಿದನು. ಆದರೆ ಒಂದು ನಾಯಿಮರಿಯನ್ನೂ ತಂದು ಕಟ್ಟಿದನು. ಇದು ಬೊಗಳಲಿ, ಅದು ಬರೆದಿಡಲಿ ಎಂದನು. ಅದಕ್ಕೆ ಯಾರೂ ಎದುರಾಡಲಿಲ್ಲ.

ಕುದುರೆ ಮನೆಗೆ ಬಂದ ಮರುದಿನ ಬೆಳಿಗ್ಗೆ ಅಡ್ಡಗಟ್ಟೆಯ ಮೇಲೆ ಕತ್ತು ಚಾಚಿ, ಕಿವಿಗಳನ್ನು ಬಾಗಿಲ ಕಡೆ ತಿರುಗಿಸಿ ನಿಂತಿತು. ಕಲಿಪಾ ಹೊರಗೆ ಬಂದು, ತುಟಿ ಮುಂದೆ ಮಾಡಿ, ಶಿಳ್ಳೆ ಹಾಕಲು ನೋಡಿದಳು. ಬರಿಯ ಉಸಿರು ಬಂತು, ಚಳಿಯಲ್ಲಿ ಬೆಳ್ಳಗೆ. ಕುದುರೆ ಅವಳ ಹಿಂದೆ ತೆರೆದಿದ್ದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ತಲೆಯನ್ನು ಅವಳ ಭುಜಕ್ಕೆ ತಂದಿತು. ಆ ಬೆಳಗನ್ನು ಪೆಟ್ಟಿಗೆಯಿಂದ ಹೊರಗೆ ಇಳಿಸಿಡುವುದು ಹೇಗೆಂದು ಅವಳು ಅನಾರ್ಕುಲಳಿಂದ ಕಲಿತಳು. ಮೊದಲು ಇಳಿಸಿದ್ದು ಅದನ್ನೇ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಕೊಟ್ಟಿಗೆಯಲ್ಲೋ ಕ್ಯಾಮೆರಾ ಇದ್ದರೆ ಇವತ್ತೇ ತೆರೆದು ನೋಡಿ: ಅದರಲ್ಲಿರುವ ಅತ್ಯಂತ ಹಳೆಯ ದಿನ ಯಾವುದು? ಇವತ್ತಿನ ತಾರೀಖಿನಿಂದ ಅದನ್ನು ಕಳೆಯಿರಿ. ಬಂದ ಅಂಕಿಯನ್ನು ನೀವು ಮನೆ ಬಿಟ್ಟಿರುವ ದಿನಗಳ ಪಕ್ಕದಲ್ಲಿಟ್ಟು ನೋಡಿ. ಚಿಕ್ಕದಾಗಿದ್ದರೆ ಡಿಸ್ಕ್ ದೊಡ್ಡದು ಮಾಡಿ. ಹೊಸದಾಗಿ ಕೊಳ್ಳುವವರು ಅಂಗಡಿಯವನ ಕೈಗೆ ಮೊದಲು ಪೆನ್ಸಿಲ್ ಕೊಡಿ. ಉಳಿಸಿಕೊಳ್ಳಬೇಕೆನಿಸಿದ್ದನ್ನು ಗಟ್ಟಿಯಾದ ಮೇಲೆ ನೋಡೋಣವೆಂದು ಬಿಡಬೇಡಿ. ನೋಡುವುದನ್ನು ಬೇಕಾದರೆ ತಡಮಾಡಿ, ಇಳಿಸಿಡುವುದನ್ನು ತಡಮಾಡಬೇಡಿ.

ಕಲಿಪಾ ಅನಾರ್ಕುಲಳಿಗೆ ಒಂದು ಮರಿ ಕೊಡುವುದು ಬಾಕಿ ಇದೆ, ಏಪ್ರಿಲ್‌ನಲ್ಲಿ ತೀರಿಸುತ್ತಾಳೆ. ಕಂಬದ ಮೇಲಿದ್ದ ಹಳೆಯ ಪೆಟ್ಟಿಗೆ ಕಲಿಪಾಳಿಗೆ ಮಾರ್ಚ್ ತಿಂಗಳ ಮೂರು ದಿನ ಕೊಡುವುದು ಬಾಕಿ ಇದೆ. ಅದು ತೀರುವುದಿಲ್ಲ.