ಕಣ್ಣು ಮುಚ್ಚಿ ಆಡಿದ ಮಾತು

ಚಾಮರಾಜಪೇಟೆಯ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ಪ್ರಭು ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಆರಾಧನೆಗೆ, ಬೇಕರಿ ಬ್ರೆಡ್ ಇಡುವ ಪದ್ಧತಿ ಇಲ್ಲ. ತಿಂಗಳ ಮೊದಲ ಭಾನುವಾರಕ್ಕೆಂದು ಒಬ್ಬ ಹೆಂಗಸು ಹಿಂದಿನ ದಿನ ಉಪವಾಸವಿದ್ದು, ಹುಳಿ ಹಾಕದೆ ಗೋಧಿ ಹಿಟ್ಟು ಕಲಸಿ, ಒಂದು ದೊಡ್ಡ ರೊಟ್ಟಿ ಬೇಯಿಸಿ ತರಬೇಕು. ಸಭಾಪಾಲಕರು ಅದನ್ನು ಎಲ್ಲರೆದುರು ಮುರಿದು ಹಂಚುತ್ತಾರೆ. ಈ ಕೆಲಸ ರೂತಮ್ಮನಿಗೆ ಅತ್ತೆಯಿಂದ ಬಂದದ್ದು. ಅತ್ತೆಯ ಒಡವೆಯೆಲ್ಲ ನಾದಿನಿಯ ಪಾಲಾದಾಗಲೂ ರೂತಮ್ಮ ಅಷ್ಟು ಉರಿದುಕೊಂಡಿರಲಿಲ್ಲ, ಈ ರೊಟ್ಟಿ ಹಂಸಾಳ ಪಾಲಾದಾಗ ಉರಿದುಕೊಂಡಳು.

ಹಂಸಾ ಗಂಡ ಬಿಟ್ಟು ಹೋದ ಮೇಲೆ ಸಭೆಗೆ ಸೇರಿದವಳು. ಗಾಂಧಿ ಬಜಾರಿನ ಕಾಂಡಿಮೆಂಟ್ಸ್ ಅಂಗಡಿಯೊಂದರಲ್ಲಿ ಹೋಳಿಗೆ ತಟ್ಟುತ್ತಿದ್ದಳು. ಹೋದ ವರ್ಷ ಪಾಲಕರಾಗಿ ಬಂದ ಪ್ರಸನ್ನಕುಮಾರ್ ಅಯ್ನೋರು, "ರೂತಮ್ಮನವ್ರು ಬಹಳ ವರ್ಷ ಮಾಡಿದ್ದಾರೆ, ಇನ್ಮೇಲೆ ಹಂಸಾ ಮಾಡ್ಲಿ" ಎಂದುಬಿಟ್ಟರು. ಹಂಸಾಳ ಮೊದಲ ರೊಟ್ಟಿ ಅಯ್ನೋರ ಕೈಯಲ್ಲಿ ಸದ್ದಿಲ್ಲದೆ ಎರಡಾಯಿತು. ಆರಾಧನೆ ಮುಗಿದು ಹೊರಗೆ ಬಂದಾಗ ಸಭೆಯ ಹಿರಿಯರಾದ ಸಮುವೇಲಪ್ಪ, "ರೂತಮ್ಮನ ರೊಟ್ಟಿಗೆ ಅಯ್ನೋರು ಸುತ್ತಿಗೆ ತರ್ಬೇಕಾಗಿತ್ತು" ಎಂದು ನಗಿಸಿದರು. ರೂತಮ್ಮನೂ ನಕ್ಕಳು. ಮನೆಗೆ ಬಂದು ಲಟ್ಟಣಿಗೆಯನ್ನು ಗೋಡೆಗೆ ಬೀಸಿ ಒಗೆದಳು.

ಅಂದಿನಿಂದ ಅವಳ ಕಣ್ಣು ಹಂಸಾಳ ಮೇಲೆಯೇ. ಅಯ್ನೋರು ಹಂಸಾಳ ಜೊತೆ ಎರಡು ಮಾತಾಡಿದರೆ ಇವಳಿಗೆ ಸಂಕಟ, ಹಂಸಾ ಹೊಸ ಸೀರೆ ಉಟ್ಟರೆ ಸಂಕಟ.

ಹೀಗಿರುವಾಗ ಒಂದು ಭಾನುವಾರ ಪ್ರಸಂಗ ಮಾಡಲು ಅಯ್ನೋರು ಬರಲಿಲ್ಲ. ಸಮುವೇಲಪ್ಪ ಎದ್ದು ನಿಂತು, ಅಯ್ನೋರು ಪರಸ್ತ್ರೀಯ ಸಂಬಂಧದಲ್ಲಿ ಬಿದ್ದಿದ್ದಾರೆ, ತಾವೇ ಒಪ್ಪಿಕೊಂಡಿದ್ದಾರೆ, ಇನ್ನು ನಮ್ಮ ಪಾಲಕರಲ್ಲ ಎಂದು ಹೇಳಿದರು. ಹೆಂಗಸು ಯಾರೆಂದು ಹೇಳಲಿಲ್ಲ. "ಯಾರೂ ಯಾರ ಕಡೆಗೂ ಬೆರಳು ತೋರಿಸ್ಬೇಡಿ. ಬರೋ ಭಾನುವಾರ ಪ್ರಭು ಭೋಜನ. ಅಷ್ಟರೊಳಗೆ ಪ್ರತಿಯೊಬ್ರೂ ತಮ್ಮನ್ನ ತಾವೇ ಪರೀಕ್ಷೆ ಮಾಡ್ಕೊಳ್ಳಿ" ಎಂದರು.

ರೂತಮ್ಮ ಪರೀಕ್ಷೆ ಮಾಡಿದಳು. ಹಂಸಾಳನ್ನು.

ಗುರುವಾರ ಸಂಜೆ ರೂತಮ್ಮನ ಮನೆಯಲ್ಲೇ ಪ್ರಾರ್ಥನೆ ಕೂಟ. ಚಾಪೆಯ ಮೇಲೆ ಕೂತು ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸುವುದು, ಉಳಿದವರು ಮಾತುಮಾತಿಗೆ ಆಮೆನ್ ಅನ್ನುವುದು ರೂಢಿ. ಜಗಳದಲ್ಲಾದರೆ ಎದುರು ಮಾತಾಡಬಹುದು, ಪ್ರಾರ್ಥನೆಗೆ ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ. ರೂತಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಕರ್ತನೇ, ನಮ್ಮ ಅಯ್ನೋರನ್ನ ಸೈತಾನ ಬೀಳಿಸಿದ."

"ಆಮೆನ್."

"ಅವರನ್ನ ಬೀಳಿಸಿದ ಸಹೋದರಿಗೂ ಪಶ್ಚಾತ್ತಾಪ ಕೊಡು ತಂದೆ."

"ಆಮೆನ್."

"ಗಂಡನ ಆಸರೆ ಇಲ್ದೆ ನಿನ್ನ ಮಂದಿರಕ್ಕೆ ಬಂದು, ನಿನ್ನ ಮೇಜಿನ ರೊಟ್ಟಿ ಮುಟ್ಟೋ ಕೈಗಳನ್ನ ಶುದ್ಧ ಮಾಡು."

ಈ ಸಲ ಆಮೆನ್ ಅಲ್ಲೊಂದು ಇಲ್ಲೊಂದು ಬಂತು. ಕಣ್ಣು ತೆರೆದಾಗ ಎಲ್ಲರೂ ಹಂಸಾಳನ್ನು ನೋಡುತ್ತಿದ್ದರು. ಅವಳು ಎದ್ದು, ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲು ಇಳಿದುಹೋದಳು. ಕಾಫಿ ಕೂಡ ಕುಡಿಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡ ದೇವದಾಸಪ್ಪ, "ಪ್ರಾರ್ಥನೆ ಮಾಡಿದ್ಯೋ, ಚಾಡಿ ಹೇಳಿದ್ಯೋ?" ಎಂದ.

"ನಾನು ಯಾರ ಹೆಸರೂ ಎತ್ತಿಲ್ಲ. ತಟ್ಟೆ ನೋಡ್ಕೊಂಡು ತಿನ್ನಿ."

ಶನಿವಾರ ಬೆಳಗ್ಗೆ ಸಮುವೇಲಪ್ಪ ಫೋನ್ ಮಾಡಿದರು. "ಹಂಸಾ ರೊಟ್ಟಿ ಮಾಡಲ್ವಂತೆ, ನಾಳೆ ಬರೋದೂ ಇಲ್ವಂತೆ. ನೀವೇ ಮಾಡ್ಬಿಡಿ ರೂತಮ್ಮ."

ಖುಷಿಗೆ ರೂತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಬ್ಬ ದೇವರ ಸೇವಕ ಬಿದ್ದ, ಒಂದು ಸಂಸಾರ ಬೀದಿಗೆ ಬಂತು, ಸಭೆ ತಲೆ ತಗ್ಗಿಸಿತು. ಈ ಹೆಂಗಸು ಮಾತ್ರ ಕೀರ್ತನೆ ಗುನುಗುತ್ತಾ ಹಿಟ್ಟು ನಾದುತ್ತಿದ್ದಳು.

ಆಗಲೇ ಅಯ್ನೋರ ಹೆಂಡತಿ ಕೃಪಾವತಿ ಅಮ್ಮನವರು ಬಂದರು. ಪಾಲಕರ ಮನೆ ಖಾಲಿ ಮಾಡುತ್ತಿದ್ದರು. ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ ತಂದಿದ್ದರು.

"ಇದು ನಿಮ್ಮ ಹತ್ರ ಇರ್ಲಿ. ಒಂದು ಮಾತು ರೂತಮ್ಮನವ್ರೇ. ಗುರುವಾರದ ಪ್ರಾರ್ಥನೆ ನನ್ ಕಿವಿಗೂ ಬಿತ್ತು. ಆ ಹೆಂಗಸು ಈ ಊರಿನವಳೇ ಅಲ್ಲ. ನಾವು ಹಿಂದೆ ಇದ್ದ ಊರಿನವಳು. ಹಂಸಾ ಅಂತ ನಿಮಗ್ಯಾರು ಹೇಳಿದ್ದು?"

"ನಾನು ಹೆಸರು ಹೇಳ್ಲಿಲ್ಲ ಅಮ್ಮನವ್ರೇ."

"ಹೌದು, ಹೇಳ್ಲಿಲ್ಲ." ಅಮ್ಮನವರ ಕಣ್ಣು ಒಣಗಿ ಹೋಗಿತ್ತು. "ಈ ವಾರವೆಲ್ಲ ನಮ್ಮನೇಲಿ ಒಲೆ ಹಚ್ಚೋಕೆ ನನ್ ಕೈಲಿ ಆಗ್ಲಿಲ್ಲ. ಊಟ ತಂದುಕೊಟ್ಟವಳು ಹಂಸಾ ಒಬ್ಳೇ. ನನ್ ಗಂಡ ಪಾಪ ಮಾಡಿದ್ದು ಕದ್ದುಮುಚ್ಚಿ. ನೀವು ಮಾಡಿದ್ದು ದೇವ್ರ ಎದುರಿಗೆ, ಎಲ್ಲರ ಕೈಲೂ ಆಮೆನ್ ಅನ್ನಿಸಿ."

ಅವರು ಹೋದ ಮೇಲೆ ರೂತಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಗಂಡನನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಾಗದವಳು ನನಗೆ ಬುದ್ಧಿ ಹೇಳುವುದೇ! ಪಾತ್ರೆ ಕುಕ್ಕಿದಳು. ಆಮೇಲೆ ಅಡುಗೆಮನೆಯಲ್ಲೇ ಮಂಡಿಯೂರಿ, "ಕರ್ತನೇ, ತಪ್ಪಾಯ್ತು, ಕ್ಷಮಿಸು" ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಹಿಟ್ಟು ಅಂಟಿದ ಕೈ ಜೋಡಿಸಿಕೊಂಡು ಬಹಳ ಹೊತ್ತು ಕೂತಳು. ಎದೆಯ ಭಾರ ಇಳಿಯಲಿಲ್ಲ. ಗಟ್ಟಿಯಾಗಿ ಆಡಿ ಕೆಡಿಸಿದ್ದನ್ನು ಪಿಸುಗುಟ್ಟಿ ತೊಳೆದುಕೊಳ್ಳಲು ನೋಡುತ್ತಿದ್ದೇನೆ ಎಂದು ಅವಳಿಗೇ ಗೊತ್ತಾಯಿತು.

ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿಕೊಂಡು ಆಟೋ ಹತ್ತಿ ವಿಶ್ವೇಶ್ವರಪುರಕ್ಕೆ ಹೋದಳು. ತಿಂಡಿ ಬೀದಿಯ ಹಿಂದಿನ ವಠಾರದಲ್ಲಿ ಹಂಸಾಳ ಮನೆ. ಹಂಸಾ ಬಾಗಿಲು ತೆಗೆದಳು, ಬನ್ನಿ ಅನ್ನಲಿಲ್ಲ.

"ಹಿಟ್ಟು ತಂದಿದೀನಿ. ರೊಟ್ಟಿ ನೀನೇ ಮಾಡ್ಬೇಕು."

"ನನ್ ಕೈ ಶುದ್ಧ ಇಲ್ವಲ್ಲ ಅಕ್ಕ. ದೇವ್ರಿಗೆ ನೀವೇ ಹೇಳಿದ್ರಲ್ಲ."

"ನಾನು ಹೇಳಿದ್ದು ಸುಳ್ಳು ಕಣೇ."

"ಯಾಕೆ?"

ರೂತಮ್ಮನ ನಾಲಿಗೆಯ ತುದಿಗೆ ನೆಪಗಳು ಬಂದವು. ನುಂಗಿಕೊಂಡಳು.

"ನಿನ್ ರೊಟ್ಟಿ ಮೆತ್ತಗಿರುತ್ತೆ. ನಂದು ಇರಲ್ಲ."

"ಅಷ್ಟಕ್ಕಾ?" ಹಂಸಾ ಬಾಗಿಲಿಗೆ ಒರಗಿದಳು. "ಮೊದ್ಲು ನಾನೂ ಆಮೆನ್ ಅಂದೆ ಅಕ್ಕ. ಯಾರೋ ಪಾಪದವಳಿಗೆ ಬೇಡ್ಕೊಳ್ತಿದ್ದೀರಿ ಅಂದ್ಕೊಂಡಿದ್ದೆ." ಪಾತ್ರೆಯ ಕಡೆ ನೋಡಿ, "ಅವತ್ತು ಎಲ್ಲರೂ ಕೇಳಿಸ್ಕೊಂಡ್ರು. ಈಗ ಹೇಳಿದ್ದು ನನಗೊಬ್ಬಳಿಗೆ. ಹಿಟ್ಟು ಅಲ್ಲಿಟ್ಟು ಹೋಗಿ" ಎಂದಳು.

ಭಾನುವಾರ ರೂತಮ್ಮ ಬೇಗ ಹೋಗಿ ಮೇಜಿಗೆ ಬಟ್ಟೆ ಹಾಸಿದಳು. ರೊಟ್ಟಿ ಬರುವುದೋ ಇಲ್ಲವೋ ಎಂದು ಬಾಗಿಲ ಕಡೆಗೇ ನೋಡುತ್ತಿದ್ದಳು. ಗಂಟೆ ಬಾರಿಸುವ ಹೊತ್ತಿಗೆ ಹಂಸಾ ಬಂದು ರೊಟ್ಟಿಯ ತಟ್ಟೆ ಇಟ್ಟು, ಯಾರ ಮುಖವನ್ನೂ ನೋಡದೆ ಕೊನೆಯ ಬೆಂಚಿನಲ್ಲಿ ಕೂತಳು. ಅವಳ ಪಕ್ಕದಲ್ಲಿದ್ದ ಹೆಂಗಸು ಸರಿದು ಕೂತದ್ದು ರೂತಮ್ಮನಿಗೆ ಕಾಣಿಸಿತು.

ವೈಯಾಲಿಕಾವಲಿನಿಂದ ಬಂದಿದ್ದ ವಯಸ್ಸಾದ ಪಾಲಕರು, ರೊಟ್ಟಿ ಮುರಿಯುವ ಮುಂಚೆ ಪಾಪನಿವೇದನೆಗೆ ಸಮಯ ಕೊಟ್ಟರು. ಎಲ್ಲರೂ ಕಣ್ಣು ಮುಚ್ಚಿದರು. ರೂತಮ್ಮ ಕಣ್ಣು ಬಿಟ್ಟುಕೊಂಡೇ ಎದ್ದು ನಿಂತಳು.

"ಕರ್ತನೇ, ಗುರುವಾರ ನಾನು ಒಬ್ಬ ಸಹೋದರಿ ಅಂದ್ನಲ್ಲ, ಅದು ಹಂಸಾ. ಹೇಳಿದ್ದು ಸುಳ್ಳು. ಅವಳ ಕೈ ಶುದ್ಧವಾಗೇ ಇತ್ತು. ರೊಟ್ಟಿ ಕಿತ್ಕೊಂಡ್ರು ಅಂತ ಹೊಟ್ಟೆಕಿಚ್ಚಿಗೆ ಹೇಳ್ದೆ. ಅಯ್ನೋರು ಬಿದ್ದಾಗ ನನಗೆ ದುಃಖ ಆಗ್ಲಿಲ್ಲ. ಒಳಗೊಳಗೇ ಖುಷಿ ಆಯ್ತು."

ಆಮೆನ್ ಎನ್ನಲು ಯಾರ ಬಾಯಿಯೂ ಏಳಲಿಲ್ಲ. ಕೊನೆಗೆ ಸಮುವೇಲಪ್ಪ ಒಬ್ಬರು ಆಮೆನ್ ಅಂದರು. ಹಂಸಾ ಅನ್ನಲಿಲ್ಲ. ಆದರೆ ರೊಟ್ಟಿ ತೆಗೆದುಕೊಳ್ಳಲು ಕರೆದಾಗ ಎದ್ದು ಸಾಲಿಗೆ ಬಂದು, ರೂತಮ್ಮನ ಹಿಂದೆಯೇ ನಿಂತಳು.

ರೂತಮ್ಮನ ಅಂಗೈಗೆ ತುಂಡು ಬಂತು. ತಾನೇ ನಾದಿದ ಹಿಟ್ಟು. ಆದರೂ ಎಂಥಾ ಮೆದು! ಎದೆಯ ಮೂಲೆಯಲ್ಲಿ ಅದೇ ಹಳೆಯ ಕಿಚ್ಚು ಚುರ್ ಎಂದಿತು.

'ಇದಿನ್ನೂ ಇದೆ ಕರ್ತನೇ, ನೋಡು' ಎಂದುಕೊಂಡು ತುಂಡನ್ನು ಬಾಯಿಗೆ ಹಾಕಿಕೊಂಡಳು.