ಬೈಯಲು ಒಂದು ಮುಖ

ಫಾರಂ ಮಾವನ ಕೈಗೆ ಪೆನ್ನು ಬಂದರೆ ಸಾಕು, ಖಾಲಿ ಜಾಗಗಳು ಹೆದರಿ ತಾವಾಗಿಯೇ ತುಂಬಿಕೊಳ್ಳುತ್ತಿದ್ದವು. ಮೂವತ್ತೊಂದು ವರ್ಷದಲ್ಲಿ ಅವರು ಬರೆದ ವಿಮೆ ಫಾರಂಗಳನ್ನು ಸಾಲಾಗಿ ಹಾಸಿದ್ದರೆ ಊರಿನ ರಸ್ತೆಗಳಿಗೆಲ್ಲ ಎರಡು ಪದರ ಆಗಿ, ಮಿಕ್ಕಿದ್ದರಲ್ಲಿ ಬಸ್ ನಿಲ್ದಾಣಕ್ಕೆ ಚಪ್ಪರ ಹಾಕಬಹುದಿತ್ತು. ಗ್ರಾಹಕರು ಬಾಯಿ ತೆರೆಯುವ ಮೊದಲೇ ಅವರ ಎತ್ತರ, ತೂಕ, ತಾಯಿಯ ಹೆಸರು ಎಲ್ಲ ಬರೆದು, ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುಣಿಸು ಗುರುತು ಹಾಕಿ ಕಾಯುತ್ತಿದ್ದರು. ಹಾಗೆಂದು ಅವರು ಯಾವ ಕಂಪನಿಯ ಆಳೂ ಅಲ್ಲ. ನಾಲ್ಕಾರು ಕಂಪನಿಗಳ ಪಾಲಿಸಿಗಳನ್ನು ಅಳೆದು ತೂಗಿ, ಯಾರಿಗೆ ಯಾವುದು ಹೊಂದುತ್ತದೋ ಅದನ್ನು ಕೊಡಿಸುವ ಸ್ವತಂತ್ರ ಏಜೆಂಟರು.

ಅಂಥ ಏಜೆಂಟರ ಕುತ್ತಿಗೆಗೇ ಬಂದಿತ್ತು ಹೊಸ ಮಸೂದೆ. ಪಾಲಿಸಿ ಮಾಡಿಸಿ ವರ್ಷ ಕಳೆದ ಮೇಲೆ ಕಂಪನಿ ಏಜೆಂಟರನ್ನು ಕೈಬಿಡಬಹುದು, ಆಮೇಲೆ ಗ್ರಾಹಕರಿಗೆ ಏನೇ ಬೇಕಿದ್ದರೂ ಒಂದು ಫೋನ್ ನಂಬರು ಮಾತ್ರ ಎಂದು ಅದರ ಹದಿನೇಳನೇ ಕಲಮು ಹೇಳುತ್ತಿತ್ತು. ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿದ್ದ ಏಜೆಂಟರ ಸಂಘದಲ್ಲಿ ಅಂದು ಎದ್ದ ಗದ್ದಲಕ್ಕೆ ಕೆಳಗಿನ ಯಂತ್ರ ಬೆಚ್ಚಿಬಿದ್ದು ಅರ್ಧ ಗಂಟೆ ಬರೀ ಬಿಳಿ ಹಾಳೆ ಉಗುಳಿತು. ಕೊನೆಗೆ ಸಂಘದ ಕಾರ್ಯದರ್ಶಿ, ಮಾವನ ಮಗಳ ವಯಸ್ಸಿನವಳು, ಮೇಜು ಗುದ್ದಿ ಒಂದು ದಾರಿ ಹೇಳಿದಳು. ಶಾಸಕರಿಗೆ ನಾವು ಗೋಳಾಡಿದರೆ ಪ್ರಯೋಜನವಿಲ್ಲ, ಅವರ ಕ್ಷೇತ್ರದ ಮತದಾರರು ಬರೆಯಬೇಕು. ಒಬ್ಬೊಬ್ಬ ಏಜೆಂಟರೂ ಹತ್ತು ಗ್ರಾಹಕರಿಂದ, ಅವರದೇ ಅಕ್ಷರದಲ್ಲಿ ಪತ್ರ ತರಬೇಕು. ಹತ್ತು ತಂದವರಿಗಷ್ಟೇ ಶಾಸಕರ ಎದುರು ಕುರ್ಚಿ.

ಮಾವ ಮಧ್ಯಾಹ್ನದೊಳಗೆ ನಲವತ್ತು ತಂದರು.

ಕಾರ್ಯದರ್ಶಿ ಅವನ್ನು ಮೇಜಿನ ಮೇಲೆ ಹರಡಿದಳು. ನಲವತ್ತರಲ್ಲೂ ಒಂದೇ “ವಿನಂತಿಸಿಕೊಳ್ಳುವುದೇನೆಂದರೆ”, ಒಂದೇ ಬಗೆಯ ದೀರ್ಘದ ಬಾಲ, ಪ್ರತಿ ಸಹಿಯ ಪಕ್ಕದಲ್ಲೂ ಪೆನ್ಸಿಲಿನ ಗುಣಿಸು ಗುರುತು.

“ಮಾವ, ಇದು ನಲವತ್ತು ಜನ ಬರೆದದ್ದಲ್ಲ. ಒಬ್ಬರೇ ನಲವತ್ತು ಸಲ ಬರೆದದ್ದು.”

“ಸಹಿ ಅವರದ್ದೇ ಕಣಮ್ಮ.”

“ಸಹಿ ಅವರದು, ಬಾಯಿ ನಿಮ್ಮದು.”

ಹತ್ತು ಖಾಲಿ ಹಾಳೆ ಕೊಟ್ಟು, ಪೆನ್ನು ಕಿತ್ತುಕೊಂಡು ಕಳಿಸಿದಳು. ಆ ಶಾಸಕರ ಕ್ಷೇತ್ರದೊಳಗೆ ಎಷ್ಟು ಗ್ರಾಹಕರಿದ್ದಾರೆಂದು ಮಾವ ಲೆಕ್ಕ ಹಾಕಿದರು. ಬಹುಪಾಲು ಜನ ರೈಲು ಹಳಿಯ ಆಚೆಗೆ, ಬೇರೆ ಕ್ಷೇತ್ರದಲ್ಲಿದ್ದರು, ಈಚೆಗೆ ಇದ್ದದ್ದು ಸರಿಯಾಗಿ ಹತ್ತೇ ಮನೆ.

ಒಂಬತ್ತು ಮನೆಗಳಲ್ಲಿ ಮಾವ ಪಟ್ಟ ಪಾಡು ಶತ್ರುವಿಗೂ ಬೇಡ. ಬೇರೆಯವರು ಬರೆಯುವಾಗ ಸುಮ್ಮನೆ ಕೂರುವುದೆಂದರೆ ಅವರಿಗೆ ಉಸಿರು ಕಟ್ಟಿದಂತೆ. ನಿವೃತ್ತ ಬಸ್ ಚಾಲಕರೊಬ್ಬರು ಎರಡು ಸಾಲಿಗೆ ಎರಡು ಗಂಟೆ ತೆಗೆದುಕೊಂಡರು, ಅಷ್ಟರಲ್ಲಿ ಮಾವನ ಗಡ್ಡ ಒಂದಿಂಚು ಬೆಳೆಯಿತು. ಬೇಕರಿಯವನು ಪುಟ ತುಂಬ ತನ್ನ ಬ್ರೆಡ್ಡನ್ನೇ ಹೊಗಳಿ, ಕಡೆಯಲ್ಲಿ ಏಜೆಂಟರೂ ಪರವಾಗಿಲ್ಲ ಎಂದು ಸೇರಿಸಿದ.

ಹತ್ತನೆಯವಳು ಟೈಲರಮ್ಮ. ಅವಳ ಬಾಗಿಲನ್ನು ಮಾವ ಮೂರು ಸಲ ದಾಟಿ ಹೋಗಿ ಮತ್ತೆ ವಾಪಸು ಬಂದರು.

ಎಂಟು ವರ್ಷದ ಹಿಂದೆ ಅವಳ ಗಂಡನ ಜೀವವಿಮೆಯ ಫಾರಂ ತುಂಬಿದ್ದು ಇದೇ ಮಾವ. ಗೋಡೆಗೆ ಬಣ್ಣ ಬಳಿಯುವ ಆಳು, ಬಾಗಿಲ ಚೌಕಟ್ಟಿನಂಥ ಮೈಕಟ್ಟು. ರಕ್ತದೊತ್ತಡ ಇದೆಯೇ ಎಂಬ ಪ್ರಶ್ನೆಯನ್ನು ಮಾವ ಅವನಿಗೆ ಕೇಳಲೇ ಇಲ್ಲ. ಮಾತಿನ ಭರದಲ್ಲಿ ‘ಇಲ್ಲ’ ಎಂಬಲ್ಲಿ ಗುರುತು ಹಾಕಿದರು. ಮರುವರ್ಷ ಅವನು ಏಣಿಯ ಬುಡದಲ್ಲಿ ಕುಸಿದು ಹೋಗಿಬಿಟ್ಟ. ಮೂರು ವರ್ಷದಿಂದ ಮಾತ್ರೆ ನುಂಗುತ್ತಿದ್ದ, ಕಾಯಿಲೆ ಮುಚ್ಚಿಟ್ಟಿದ್ದಾನೆ ಎಂದು ಕಂಪನಿ ಕೈಯೆತ್ತಿತು. ಮಾವ ತಾವಾಗಿಯೇ ಹೋಗಿ, ತಪ್ಪು ನನ್ನದು, ನಾನು ಕೇಳಲಿಲ್ಲ ಎಂದು ಟೈಲರಮ್ಮನ ಮುಂದೆ ನಿಂತಿದ್ದರು. ಅಂದು ಅವಳು ಬೈದ ಬೈಗುಳಕ್ಕೆ ಅಂಗಡಿಯ ಗೋಡೆಯ ಸುಣ್ಣ ಉದುರಿತು. ತಪ್ಪು ತಮ್ಮದೆಂದು ಬರೆದುಕೊಟ್ಟು, ಕ್ಲೇಮಿನ ದುಡ್ಡು ಬರುವವರೆಗೂ ಮಾವ ಕಂಪನಿಯ ಮೆಟ್ಟಿಲು ಸವೆಸಿದರು, ವಾರವಾರವೂ ಬಂದು ವರದಿ ಒಪ್ಪಿಸಿದರು. ಆಮೇಲೆ ವರ್ಷಕ್ಕೊಮ್ಮೆ ಅಂಗಡಿಯ ಬೆಂಕಿ ವಿಮೆಗೆ ಸಹಿ ಹಾಕಿಸಲು ಬಂದಾಗಲೂ ಅವಳು ತಲೆ ಎತ್ತುತ್ತಿರಲಿಲ್ಲ.

ಈಗ ಅವಳು ಮಸೂದೆಯ ಕತೆಯನ್ನೆಲ್ಲ ಹೊಲಿಗೆ ನಿಲ್ಲಿಸದೆಯೇ ಕೇಳಿದಳು. ಏನು ಬೇಕಾದರೂ ಬರೆಯಬಹುದೇ ಎಂದು ಕೇಳಿದಳು. ಮಾವ ಹೂಂ ಎಂದರು. ಅವರನ್ನು ಹೊರಗೆ ನಿಲ್ಲಿಸಿ ಬರೆದು, ಹಾಳೆಯನ್ನು ಲಕೋಟೆಗೆ ಹಾಕಿ, ನಾಲ್ಕೂ ಅಂಚಿಗೆ ಯಂತ್ರದಲ್ಲಿ ಟರ್ರೆಂದು ಹೊಲಿಗೆ ಹೊಡೆದುಕೊಟ್ಟಳು. ಖಜಾನೆಯ ಬೀಗಕ್ಕೂ ಅಷ್ಟು ಬಂದೋಬಸ್ತು ಇರಲಾರದು.

ಶಾಸಕರ ಕಚೇರಿಯ ಹೊರಗೆ ಅದನ್ನು ನೋಡಿದ್ದೇ ಕಾರ್ಯದರ್ಶಿಯ ಮುಖ ಬಿಳುಚಿತು.

“ಬಿಚ್ಚಿ ನೋಡೋಣ ಮಾವ. ಒಳಗೆ ನಿಮ್ಮ ಮೇಲೆ ದೂರು ಇದ್ರೆ ನಮ್ಮೆಲ್ಲರ ಕತೆ ಮುಗೀತು.”

“ಇರಬಹುದು. ಆ ಮನೆ ಉತ್ತರ ಒಂದ್ಸಲ ನಾನೇ ಬರೆದುಬಿಟ್ಟೆ. ಇನ್ನು ಸಾಕು.”

ಒಳಗೆ ಶಾಸಕರು ಒಂಬತ್ತು ಪತ್ರಗಳನ್ನು ಸರಸರ ಮಗುಚಿದರು. ಬ್ರೆಡ್ಡಿನ ಪುಟಕ್ಕೆ ಸ್ವಲ್ಪ ನಕ್ಕರು. ಹತ್ತನೆಯದಕ್ಕೆ ಕತ್ತರಿ ತರಿಸಬೇಕಾಯಿತು. ಒಂದೊಂದು ಹೊಲಿಗೆ ಬಿಚ್ಚಿದಾಗಲೂ ಮಾವನ ಎದೆ ಬಡಿತ ಮೂರು ಬೀದಿ ಆಚೆಗೆ ಕೇಳುವಂತಿತ್ತು. ಶಾಸಕರು ಮೊದಲು ಮನಸ್ಸಿನಲ್ಲೇ ಓದಿದರು, ಆಮೇಲೆ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

“ಶಾಸಕರಿಗೆ. ಈ ಮನುಷ್ಯ ನನ್ನ ಗಂಡನ ಫಾರಂನಲ್ಲಿ ತಪ್ಪು ಬರೆದರು. ಗಂಡ ಹೋದ ಮೇಲೆ ಕಂಪನಿ ಒಂದು ಕಾಸೂ ಇಲ್ಲ ಅಂದಿತು. ಫೋನ್ ಮಾಡಿದೆ. ಒಂದನ್ನು ಒತ್ತಿ ಅಂದಿತು, ಎರಡನ್ನು ಒತ್ತಿ ಅಂದಿತು. ಒತ್ತಿದೆ. ಯಾರೂ ಬರಲಿಲ್ಲ. ಇವರು ಬಂದರು. ತಪ್ಪು ನನ್ನದು ಅಂದರು. ಬೈದೆ. ಮುಂದಿನ ವಾರವೂ ಬಂದರು. ಮತ್ತೆ ಬೈದೆ. ದುಡ್ಡು ಬರುವ ತನಕ ಎರಡು ವರ್ಷ ಹೀಗೇ ಬಂದರು. ಇವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಬೈಯುವುದಕ್ಕೆ ಒಂದು ಮುಖ ಬೇಕು. ಫೋನ್ ನಂಬರಿಗೆ ಮುಖ ಇಲ್ಲ. ಈ ಮುಖವನ್ನು ತೆಗೆಯಬೇಡಿ.”

ಕೋಣೆಯಲ್ಲಿ ಫ್ಯಾನು ಕೂಡ ಮೆಲ್ಲಗೆ ತಿರುಗಿತು. ಇದು ನಿಜವೇ ಎಂದು ಶಾಸಕರು ಕೇಳಿದರು. ಕಾರ್ಯದರ್ಶಿ ಏನೋ ಸಮಜಾಯಿಷಿ ಕೊಡಲು ಬಾಯಿ ತೆರೆದಳು, ಮಾವ ಕೈ ಅಡ್ಡ ಹಿಡಿದರು.

“ನಿಜ ಸರ್. ಕೇಳಿದ್ದೆ, ಅವನೇ ಇಲ್ಲ ಅಂದ ಅಂತ ಹೇಳಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಕೇಳಿರಲಿಲ್ಲ.”

ಶಾಸಕರು ಪತ್ರವನ್ನು ಮಡಚಿ ಬೇರೆಯಾಗಿ ಇಟ್ಟುಕೊಂಡರು. ಮಸೂದೆ ಏನಾಗುತ್ತದೋ ಹೇಳಲಾರೆ, ಆದರೆ ಗ್ರಾಹಕರ ಒಪ್ಪಿಗೆಯಿಲ್ಲದೆ ಏಜೆಂಟರನ್ನು ತೆಗೆಯುವಂತಿಲ್ಲ ಎಂಬ ತಿದ್ದುಪಡಿಯನ್ನು ನಾನೇ ಮಂಡಿಸುತ್ತೇನೆ ಎಂದರು. ಈ ಪತ್ರವನ್ನು ಸದನದಲ್ಲಿ ಓದಬೇಕು, ಬರೆದವರು ಒಪ್ಪುತ್ತಾರೋ ಕೇಳಿ ಬನ್ನಿ ಎಂದೂ ಹೇಳಿದರು.

ಮೆಟ್ಟಿಲಲ್ಲಿ ಉಳಿದ ಏಜೆಂಟರು ಮಾವನನ್ನು ಎತ್ತಿ ಕುಣಿಸುವುದೊಂದು ಬಾಕಿ. ಮಾವ ಮಾತ್ರ ಅವರಿಂದ ಬಿಡಿಸಿಕೊಂಡು ನೇರ ಟೈಲರಮ್ಮನ ಅಂಗಡಿಗೆ ನಡೆದರು.

ಅವಳು ಶಾಲಾ ಸಮವಸ್ತ್ರಗಳ ಗುಡ್ಡದ ಹಿಂದೆ ಮುಳುಗಿದ್ದಳು. ಮಾವ ಎಲ್ಲ ಹೇಳಿದರು. ಸದನ ಎಂದಾಗ ಅವಳ ಕಾಲು ಪೆಡಲಿನ ಮೇಲೆ ನಿಂತಿತು.

“ಓದಲಿ ಏಜೆಂಟ್ರೇ. ಆದ್ರೆ ಒಂದು ಸಾಲು ಸೇರಿಸ್ಬೇಕು. ಅವತ್ತು ಬರೆಯೋಕೆ ಕೈ ಬರಲಿಲ್ಲ.”

“ಏನು ತಂಗಿ?”

ಅವಳು ಕೈಯಲ್ಲಿದ್ದ ಕಾಲರನ್ನು ಮಡಚಿದಳು, ಮತ್ತೆ ಬಿಚ್ಚಿದಳು.

“ನಮ್ಮ ಮನೆಯವರು ಮಾತ್ರೆ ತಗೊಳ್ತಿದ್ದದ್ದು ನನಗೂ ಗೊತ್ತಿರಲಿಲ್ಲ. ಹೋಗಿ ಒಂದು ತಿಂಗಳಾದ್ಮೇಲೆ ಬ್ರಷ್ ಇಡೋ ಡಬ್ಬಿಯಲ್ಲಿ ಸಿಕ್ತು. ನಾನು ಗಾಬರಿಯಾಗ್ತೀನಿ ಅಂತ ಮುಚ್ಚಿಟ್ಟಿದ್ರೋ ಏನೋ. ನೀವು ಅವತ್ತು ಕೇಳಿದ್ರೂ, ನಾನು ಪಕ್ಕದಲ್ಲೇ ಕೂತಿದ್ದೆ, ಇಲ್ಲ ಅಂತಲೇ ಹೇಳ್ತಿದ್ರು.”

ಮೂರು ಲೋಕದ ಫಾರಂ ತುಂಬಿದ ಮಾವನ ಕೈ ಪೆನ್ನಿಗಾಗಿ ಜೇಬು ತಡಕಿತು, ಪೆನ್ನು ಕಾರ್ಯದರ್ಶಿಯ ಬಳಿಯೇ ಉಳಿದಿತ್ತು.

“ಹೋದವರ ಮೇಲೆ ಹೇಗೆ ಸಿಟ್ಟು ಮಾಡ್ಲಿ ಹೇಳಿ,” ಎಂದಳು ಟೈಲರಮ್ಮ. “ನೀವು ವಾರವಾರ ಬರ್ತಿದ್ರಿ. ಅವರಿಗೆ ಬೈಯೋದನ್ನೂ ಸೇರಿಸಿ ನಿಮಗೇ ಬೈದೆ.”

ಮಾವ ಅಲ್ಲೇ ಬಟ್ಟೆಯ ಮೂಟೆಯ ಮೇಲೆ ಕೂತುಬಿಟ್ಟರು. ಏಳು ವರ್ಷ ಹೆಗಲ ಮೇಲಿದ್ದ ಬೆಟ್ಟ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಬೆಟ್ಟ ಅಲ್ಲೇ ಇತ್ತು. ಹೊರುವುದಕ್ಕೆ ಇನ್ನೊಂದು ಹೆಗಲು ಬಂದು ಸೇರಿತ್ತು, ಅಷ್ಟೇ.

“ಆದ್ರೂ ನಾನು ಕೇಳಬೇಕಿತ್ತು ತಂಗಿ.”

“ಕೇಳಬೇಕಿತ್ತು,” ಎಂದಳು ಅವಳು, ಒಂದಿಷ್ಟೂ ಬಿಟ್ಟುಕೊಡದೆ.

ಅವಳು ಕಣ್ಣು ಒರೆಸಿಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು. ಮೊದಲ ಸಲ ತಪ್ಪಿತು, ಎರಡನೆಯ ಸಲವೂ ತಪ್ಪಿತು. ಮಾವ ಅವಳ ಬೆರಳುಗಳನ್ನು ನೋಡುತ್ತಿದ್ದರು.

“ನಿನಗೆ ಬಿ.ಪಿ. ಇದೆಯಾ ತಂಗಿ?”

ಟೈಲರಮ್ಮ ದಾರ ಬಿಟ್ಟು ಅವರನ್ನು ನೋಡಿದಳು.

“ಇದೆ. ಹೋದ ವರ್ಷದಿಂದ. ಬೆಳಿಗ್ಗೆ ಒಂದು ಮಾತ್ರೆ.”

“ತಪ್ಪದೆ ತಗೊಳ್ತೀಯಾ?”

“ಕೆಲಸ ಜಾಸ್ತಿ ಇದ್ದ ದಿನ ಮರೆತು ಹೋಗುತ್ತೆ.”

“ಮರೆತ ದಿನ ತಲೆ ಸುತ್ತುತ್ತಾ?” ಎಂದು ಕೇಳಿ, ಫಾರಂ ಮಾವ ಅವಳು ಹೇಳುವುದನ್ನು ಕೇಳುತ್ತ ಕೂತರು.