ಇದು ನನ್ನ ಸ್ವಂತ ರಚನೆ

ಕಡೂರಿನ ಬಸ್ ಸ್ಟ್ಯಾಂಡ್ ಎದುರು ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಓಂಕಾರಮೂರ್ತಿ ಕೈಕಟ್ಟಿ ನಿಂತು ನಗುತ್ತಿದ್ದ. ಕೆಳಗೆ ಕೆಂಪಕ್ಷರದಲ್ಲಿ ‘ಪಂಚನಹಳ್ಳಿಯ ಹೆಮ್ಮೆಯ ಕತೆಗಾರ’ ಎಂದಿತ್ತು. ಅದರ ಕೆಳಗೆ ಶುಭ ಕೋರುವವರ ಸಾಲು ಮುಖಗಳು. ಅವರಲ್ಲೊಬ್ಬನಾದರೂ ಕತೆ ಓದಿದ್ದರೆ ಕೇಳಿ. ಬಸ್ಸಿಳಿದ ಮಲ್ಲಿಕಾಂಬ ಅದನ್ನು ನೋಡಿ ನಿಂತಲ್ಲೇ ನಿಂತಳು. ಮೈಯೆಲ್ಲ ಉರಿದುಹೋಯಿತು. ಬಹುಮಾನ ಬಂದ ಆ ಕತೆಯನ್ನು ಬರೆದವಳು ಅವಳು. ಫ್ಲೆಕ್ಸ್‌ನಲ್ಲಿ ಹಲ್ಲು ಕಿರಿಯುತ್ತಿದ್ದವನು ಅವಳ ಗಂಡ.

ಅದೇ ಕತೆಯನ್ನು ಅವಳು ಹಿಂದೆ ಎರಡು ಪತ್ರಿಕೆಗಳಿಗೆ ಕಳಿಸಿದ್ದಳು. ಒಂದರಿಂದ ಉತ್ತರವೇ ಇಲ್ಲ. ಇನ್ನೊಂದರ ಸಂಪಾದಕರು ಫೋನು ಮಾಡಿ, “ತೀರಾ ವೈಯಕ್ತಿಕ ಆಯ್ತಮ್ಮ, ಸ್ವಂತ ಗೋಳಿನಿಂದ ಹೊರಗೆ ಬನ್ನಿ” ಎಂದು ಬುದ್ಧಿ ಹೇಳಿದ್ದರು. ಆಮೇಲೆ ಒಂದು ವಾರಪತ್ರಿಕೆಯ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಕಣ್ಣಿಗೆ ಬಿತ್ತು. ಸ್ಪರ್ಧೆಗಳ ನಿಯಮ ಗೊತ್ತಲ್ಲ, ಕತೆಯ ಹಾಳೆಯ ಮೇಲೆ ಹೆಸರು ಇರಕೂಡದು. ಹೆಸರು, ವಿಳಾಸ, ಫೋಟೋ, ‘ಇದು ನನ್ನ ಸ್ವಂತ ರಚನೆ’ ಎಂಬ ಒಪ್ಪಿಗೆ ಎಲ್ಲವೂ ಬೇರೆ ಹಾಳೆಯಲ್ಲಿ. ಕೊಬ್ಬರಿ ವ್ಯಾಪಾರದ ಓಂಕಾರಮೂರ್ತಿ ಹೇಗೂ ಕಡೂರಿಗೆ ಹೋಗಿ ಬರುವವನು. ಡಿಟಿಪಿ ಮಾಡಿಸಿ ಪೋಸ್ಟಿಗೆ ಹಾಕಿ ಬನ್ನಿ ಎಂದು ಕತೆಯನ್ನೂ ತನ್ನ ಫೋಟೋವನ್ನೂ ಅವನ ಕೈಗೆ ಕೊಟ್ಟಳು. ಕುರಿ ಕಾಯಲು ತೋಳನನ್ನು ಕಳಿಸಿದಳು ಅನ್ನಿ.

ಪತ್ರಿಕೆ ಬಂದಾಗ ಕತೆಯ ನೆತ್ತಿಯ ಮೇಲೆ ಗಂಡನ ಹೆಸರಿತ್ತು.

“ಡಿಟಿಪಿ ಹುಡುಗಿ ಹೆಸ್ರೇನ್ ಸಾರ್ ಅಂದ್ಲು, ಬಾಯಿಗ್ ಬಂದಿದ್ ಹೇಳ್ದೆ ಕಣೇ” ಎಂದ ಅವನು. “ಕರೆಂಟ್ ಬಿಲ್ಲು, ಖಾತೆ, ಗ್ಯಾಸು ಎಲ್ಲ ನನ್ನೆಸ್ರಲ್ಲೇ ಅಲ್ವಾ ಇರದು? ಹಂಗೇ ಬಂದ್ಬಿಡ್ತು.”

“ಫೋಟೋನೂ ಹಂಗೇ ಬಂತಾ?”

“ನಿಂದು ಎಲ್ಲೋ ಬಿದ್ದೋಯ್ತು.”

ಬಿದ್ದುಹೋದ ಫೋಟೋ ಅವಳಿಗೆ ಸ್ಕೂಟರಿನ ಡಿಕ್ಕಿಯಲ್ಲಿ, ಒರೆಸುವ ಬಟ್ಟೆಯ ಅಡಿಯಲ್ಲಿ ಸಿಕ್ಕಿತು.

“ಕತೆ ಓದಿದ್ರಾ, ಅದನ್ನಾದ್ರೂ ಹೇಳಿ” ಎಂದಳು.

“ಓದ್ದೇ ಇರ್ತೀನಾ? ಚೆನ್ನಾಗೈತೆ. ಪತ್ರಿಕೆಯೋರಿಗೆ ಫೋನ್ ಮಾಡಿ ಸರಿ ಮಾಡಿಸ್ತೀನಿ, ಬಿಡು.”

ಇವತ್ತು ಮಾಡ್ತೀನಿ, ನಾಳೆ ಮಾಡ್ತೀನಿ ಅನ್ನುವಷ್ಟರಲ್ಲಿ ಊರವರು ಮನೆಗೆ ಬಂದು ಕೈಕುಲುಕಿ ಹೋದರು. ಮಠದ ಜಗಲಿಯ ಮೇಲೆ ಅವನಿಗೆ ಕುರ್ಚಿ ಬಂತು. ‘ಸಾಹಿತಿಗಳು’ ಎಂದು ಕರೆದರೆ ಮೊದಮೊದಲು ನಾಚುತ್ತಿದ್ದವನು ಈಚೆಗೆ ಕರೆಯದಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದ. ಕಡೂರಿನಲ್ಲಿ ಸನ್ಮಾನ ಗೊತ್ತಾದಾಗ ಮಲ್ಲಿಕಾಂಬ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. “ಸ್ಟೇಜ್ ಮೇಲೇ ಹೇಳ್ತೀನಿ ಕಣೇ, ನಾಕು ಜನದ ಮುಂದೆ. ನಿಂಗೂ ಮರ್ಯಾದೆ” ಎಂದು ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ಆಣೆ ಮಾಡಿದ. ಆ ಒಂದು ಮಾತಿಗಾಗಿ ಅವಳು ಬಂದಿದ್ದಳು. ಅವನು ಸಂಘಟಕರ ಕಾರಿನಲ್ಲಿ ಮೊದಲೇ ಬಂದಿದ್ದ.

ಸಭೆಯಲ್ಲಿ ನಿವೃತ್ತ ಉಪನ್ಯಾಸಕ ರುದ್ರಮೂರ್ತಿ ಕತೆಯ ಬಗ್ಗೆ ಮಾತಾಡಿದರು. ಅವರು ನಿಜವಾಗಿ ಓದಿಕೊಂಡೇ ಬಂದಿದ್ದರು, ಪಾಪ. ಓದಿದ್ದೇ ಎಡವಟ್ಟಾಯಿತು. “ಹಸುಗೂಸನ್ನು ಕಳೆದುಕೊಂಡ ಬಾಣಂತಿಯ ಸಂಕಟ ಇದು. ಎದೆಯಲ್ಲಿ ಹಾಲು ಕಟ್ಟಿಕೊಂಡು, ಅದನ್ನು ಬಚ್ಚಲಿಗೆ ಹಿಂಡುವ ಆ ದೃಶ್ಯ ನೋಡಿ! ಹೆಣ್ಣುಮಗಳು ಬರೆದಿದ್ದರೆ ಅನುಭವ ಅನ್ನಬಹುದಿತ್ತು. ಒಬ್ಬ ಗಂಡಸು ಬರೆದಿದ್ದಾರಲ್ಲ, ಇದು ಪ್ರತಿಭೆ!” ಎಂದರು. ಸಭೆ ಚಪ್ಪಾಳೆ ತಟ್ಟಿತು. ಮಲ್ಲಿಕಾಂಬ ಹಲ್ಲು ಕಚ್ಚಿ ಕೂತಳು. ಅವಳು ಬರೆದರೆ ಗೋಳು, ಅವನು ಬರೆದರೆ ಪ್ರತಿಭೆ. ಇವರ ತಕ್ಕಡಿಗಿಷ್ಟು ಬೆಂಕಿ ಹಾಕ ಎಂದುಕೊಂಡಳು.

ಓಂಕಾರಮೂರ್ತಿ ಮೈಕಿನ ಮುಂದೆ ಬಂದ. ಈಗ ಹೇಳುತ್ತಾನೆ ಎಂದು ಅವಳು ಸೆರಗು ಸರಿಮಾಡಿಕೊಂಡಳು. ಅವನು ಗಂಟಲು ಸರಿಮಾಡಿಕೊಂಡು, “ಎಲ್ಲ ಗುರುಗಳ ಆಶೀರ್ವಾದ. ಏನೋ ಬಿಡುವಾದಾಗ ಹಂಗೇ ಗೀಚ್ತೀನಿ” ಎಂದು ಕೈಮುಗಿದು ಕೂತ.

ಹಂಗೇ ಗೀಚ್ತಾನಂತೆ.

ನಮ್ಮ ಕಡೆ ಸನ್ಮಾನ ಅಂದರೆ ದಂಪತಿ ಸಮೇತ. ಸತ್ಕರಿಸುವವರ ಪುಣ್ಯಕ್ಕೆ ಹೆಂಡತಿ ಪಕ್ಕದಲ್ಲಿರಲೇಬೇಕು. “ಅವರ ಬೆನ್ನ ಹಿಂದಿನ ಶಕ್ತಿ, ಶ್ರೀಮತಿಯವರೂ ವೇದಿಕೆಗೆ ಬರಬೇಕು” ಎಂದು ಕರೆದರು. ಅವನಿಗೆ ಪೇಟ, ಶಾಲು, ಹಾರ. ಅವಳಿಗೆ ಕುಂಕುಮ, ಒಂದು ರವಿಕೆ ಕಣ. ಹಣ್ಣಿನ ಬುಟ್ಟಿ ಅವಳ ಮಡಿಲಿಗೆ ಬಂತು. ಫೋಟೋದವನು ನಗಿ ಅಂದ.

ಉರಿಯುವ ಮನೆಯಲ್ಲಿ ಗಳ ಹಿರಿಯುವವರ ಬಗ್ಗೆ ಅವಳು ಕೇಳಿದ್ದಳು. ಅಂಥವನ ಪಕ್ಕದಲ್ಲೇ ಕೂತು ನಗುವುದು ಅವಳಿಂದ ಆಗಲಿಲ್ಲ. ಎದ್ದು ಮೈಕು ಹಿಡಿದಳು. ವಂದನಾರ್ಪಣೆ ಇರಬೇಕೆಂದು ಯಾರೂ ತಡೆಯಲಿಲ್ಲ.

“ನಮ್ಮನೆಯೋರಿಗೆ ಒಂದೇ ಮಾತು ಕೇಳ್ತೀನಿ” ಎಂದು ಗಂಡನ ಕಡೆ ತಿರುಗಿದಳು. “ಕತೇಲಿ ಆ ತಾಯಿ ಸತ್ತ ಮಗೂಗೆ ಒಂದು ಹೆಸ್ರಿಟ್ಟವ್ಳೆ. ಏನ್ರೀ ಅದು?”

ಓಂಕಾರಮೂರ್ತಿ ನಕ್ಕ. ಪೇಟ ಸರಿಮಾಡಿಕೊಂಡ. ಆಮೇಲೆ ರುದ್ರಮೂರ್ತಿಗಳ ಮುಖ ನೋಡಿದ. ಅವರು ಹೇಳಲು ಬಾಯಿ ತೆರೆದರು.

“ನೀವು ಹೇಳ್ಕೊಡ್ಬೇಡಿ ಮೇಷ್ಟ್ರೇ. ಬರ್ದೋರು ಹೇಳ್ಲಿ.”

“ಏನೇ ಇದು, ಸುಮ್ನೆ ಕೂತ್ಕೋ” ಎಂದು ಅವನು ಹಲ್ಲಿನ ಸಂದಿಯಲ್ಲಿ ಗದರಿದ.

“ಚುಕ್ಕಿ” ಎಂದಳು ಮಲ್ಲಿಕಾಂಬ. ಅವಳ ದನಿ ನಡುಗಿದ್ದು ಅಳುವಿನಿಂದಲ್ಲ. “ಅದ್ರ ಹೆಸ್ರು ಚುಕ್ಕಿ. ನಾನು ಬಾಣಂತನಕ್ಕೆ ಅಮೃತಾಪುರಕ್ಕೆ ಹೋಗಿದ್ದಾಗ ತರೀಕೆರೆ ಆಸ್ಪತ್ರೇಲಿ ಹುಟ್ತು. ಮೂರೇ ದಿನ ಇತ್ತು. ನಮ್ಮಪ್ಪ ಹೊಲದ ಬದೀಲಿ ಮಣ್ಣು ಮಾಡ್ದ. ನೀವು ತಿಪಟೂರಲ್ಲಿ ಕೊಬ್ರಿ ಹರಾಜು ಮುಗಿಸ್ಕಂಡು ಬತ್ತೀನಿ ಅಂದಿದ್ರಿ.”

ಓಂಕಾರಮೂರ್ತಿಯ ಮುಖದ ಬಣ್ಣ ಇಳಿಯಿತು.

“ಅದು... ನಮ್ ಮಗೂ ಕತೆನಾ?” ಎಂದ. ಮೆಲ್ಲಗೇ ಕೇಳಿದ್ದ. ಹತ್ತಿರದಲ್ಲೇ ಇದ್ದ ಮೈಕು ಅದನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು.

ತನ್ನ ಸ್ವಂತ ರಚನೆ ಎಂದು ಸಹಿ ಹಾಕಿ ಕೊಟ್ಟವನು ಅದರ ಒಂದು ಸಾಲನ್ನೂ ಓದಿರಲಿಲ್ಲ. ಮಲ್ಲಿಕಾಂಬ ಹಣ್ಣಿನ ಬುಟ್ಟಿಯನ್ನು ತಂದು ಅವನ ಮಡಿಲಲ್ಲಿ ಕುಕ್ಕಿದಳು.

“ಹೂಂ ಕಣ್ರೀ, ನಮ್ದೇ. ಆವತ್ತು ಮಗು ನೋಡಕ್ಕೂ ನೀವು ಬರ್ಲಿಲ್ಲ. ಇವತ್ತು ಶಾಲು ಹೊದಿಸ್ಕಳಕ್ಕೆ ಬಂದ್ಬಿಟ್ರಿ.”

ಅವಳು ಮೆಟ್ಟಿಲಿಳಿದು ಹೊರಗೆ ಬಂದಳು. ಹಿಂದೆ ಯಾರೋ ಅಮ್ಮಾ ಅಮ್ಮಾ ಎಂದು ಕೂಗಿದರು. ಬಸ್ ಸ್ಟ್ಯಾಂಡಿನ ಬೇಕರಿಯ ಪಕ್ಕದ ಅಂಗಡಿಯಲ್ಲಿ ಆ ವಾರಪತ್ರಿಕೆ ಇನ್ನೂ ನೇತಾಡುತ್ತಿತ್ತು. ಒಂದು ಪ್ರತಿ ಕೊಂಡು, ಅಂಗಡಿಯವನ ಪೆನ್ನು ಕೇಳಿ, ಕತೆಯ ನೆತ್ತಿಯ ಮೇಲಿದ್ದ ಹೆಸರನ್ನು ಹಾಳೆ ಹರಿಯುವ ಹಾಗೆ ಹೊಡೆದುಹಾಕಿದಳು. ಮೇಲೆ ಮಲ್ಲಿಕಾಂಬ ಎಂದು ಬರೆದಳು. ಪತ್ರಿಕೆಯನ್ನು ಎದೆಗವಚಿಕೊಂಡು ತವರೂರು ಅಮೃತಾಪುರದ ಕಡೆಗೆ ಹೋಗಲು ತರೀಕೆರೆ ಬಸ್ಸು ಹತ್ತಿದಳು.